ನೀಲತ್ತಿಯ ಅಂಜಿಕೆ ಪಿಚ್ಚರುಗಳು

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು. ಕಾರಟಗಿಯ ನಮ್ಮ ಮನೆಯ ಮುಂಗೋಣೆಯ ಬಾಗಿಲು ಹಸಿರು ಬಣ್ಣದ್ದು ಎಂದು ನಾನೆಂದರೆ ನನ್ನ ತಮ್ಮ ನೀಲಿ ಎನ್ನುತ್ತಾನೆ. ಆಗ ನನಗೆ ಹತ್ತು ವರ್ಷ ಎಂದುಕೊಂಡಿದ್ದೇನೆ, ಹನ್ನೊಂದೂ ಆಗಿರಬಹುದು. ದಿನಚರಿ ಬರೆಯುವ ರೂಢಿ ನನಗೆ ಬಿದ್ದದ್ದು ಬಹಳ ತಡವಾಗಿ, ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿ. ಅದಕ್ಕೂ ಹಿಂದಿನದಕ್ಕೆ ನೆನಪೊಂದೇ ಆಧಾರ, ಮತ್ತು ನನ್ನ ನೆನಪು ಬಹುಮಟ್ಟಿಗೆ ನನ್ನ ಕಡೆಯೇ ವಾಲುತ್ತದೆ ಎಂಬುದನ್ನು ನಾನು ಬಲ್ಲೆ. ಆದರೆ ಒಂದು ಸದ್ದಿನ ಬಗ್ಗೆ ನನಗೆ ಅನುಮಾನವಿಲ್ಲ. ಹೋದ ವರ್ಷ ಭತ್ತ ಹಾಲುಗಾಳಾಗುವ ಹೊತ್ತಿನಲ್ಲಿ ಗಂಗಾವತಿಯಿಂದ ಕಾರಟಗಿಗೆ ಹೊರಟಿದ್ದ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತು. ಎಲ್ಲರೂ ಕೆಳಗಿಳಿದೆವು. ರಸ್ತೆಯ ಪಕ್ಕದ ಗದ್ದೆಯಲ್ಲಿ ಗೂಟದಿಂದ ಗೂಟಕ್ಕೆ ತೆಳ್ಳನೆಯ ಮಿಂಚುವ ಪಟ್ಟಿಯನ್ನು ಬಿಗಿದು ಕಟ್ಟಿದ್ದರು, ಗುಬ್ಬಿಗಳು ಕಾಳಿಗೆ ಬೀಳದಿರಲೆಂದು. ಈಗ ಅದಕ್ಕೆಂದೇ ಅಂಗಡಿಗಳಲ್ಲಿ ಕೆಂಪು ಬೆಳ್ಳಿಬಣ್ಣದ ಪಟ್ಟಿ ಸಿಗುತ್ತದೆ. ಗಾಳಿ ಬೀಸಿದಾಗ ಅದು ಬಾಯಿ ಮುಚ್ಚಿಕೊಂಡು ಯಾರೋ ನರಳಿದಂತೆ ಸದ್ದು ಮಾಡಿತು, ಏರಿತು, ಇಳಿಯಿತು, ನಿಂತಿತು, ಮತ್ತೆ ಶುರುವಾಯಿತು. ನಾನು ಎರಡೂ ಕಿವಿ ಮುಚ್ಚಿಕೊಂಡಿದ್ದೆನೆಂದು ಕಾಣುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು ತೋಳು ಹಿಡಿದು, "ಯಾಕ್ರೀ ಮೇಡಂ, ತಲಿ ತಿರಗಾಕತ್ತೈತೇನು? ನೀರು ಕುಡೀತೀರೇನು?" ಎಂದಳು. ನಾನು ಅವಳ ಬಾಟಲಿಯಿಂದ ನೀರು ಕುಡಿದೆ. ನನ್ನ ಸೋದರತ್ತೆಯ ಪಿಚ್ಚರುಗಳು ಹೀಗೇ ಗದ್ದೆಯ ಮೇಲೆ ನರಳಿದ್ದವು, ಅದಕ್ಕೆ ನಾನೇ ಕಾರಣ ಎಂದು ದಾರಿಯಲ್ಲಿ ಸಿಕ್ಕವಳಿಗೆ ಹೇಳುವುದು ಹೇಗೆ?

ನೀಲತ್ತಿ ನಮ್ಮ ಅಪ್ಪನ ತಂಗಿ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಗೆ ಆಕೆಯನ್ನು ಕೊಟ್ಟಿದ್ದರು. ಎರಡು ವರ್ಷ ತುಂಬುವುದರೊಳಗೆ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಯಾಕೆ ಬಂದಳೆಂದು ನಾವು ಮಕ್ಕಳು ಕೇಳಿದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಯಿ ಸೊಟ್ಟ ಮಾಡಿ, "ಆಕಿಗೆ ಆ ಮನ್ಯಾಗ ಅಂಜಿಕಿ ಬರ್ತಿತ್ತಂತ. ಗಂಡ ಬೈದಿಲ್ಲ, ಬಡದಿಲ್ಲ. ಸುಮ್ನ ನೋಡ್ತಾನ, ಅದಕ್ಕ ಅಂಜಿಕಿ ಬರ್ತೈತಿ ಅಂದ್ಲು. ಗಂಡ ನೋಡದ ಮತ್ಯಾರು ನೋಡಬೇಕು?" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ನೀಲತ್ತಿಯೂ ಜೊತೆಗೆ ನಗುತ್ತಿದ್ದಳು. ಆಕೆ ತನ್ನ ಬಳೆ ಮಾರಿ ಒಂದು ಹಳೆಯ ಟಿವಿ, ಒಂದು ವಿಸಿಆರ್ ತಂದು ರಸ್ತೆಗೆ ಮುಖ ಮಾಡಿದ ನಮ್ಮ ಮುಂಗೋಣೆಯಲ್ಲಿ ವಿಡಿಯೊ ಕ್ಯಾಸೆಟ್ಟಿನ ಅಂಗಡಿ ಇಟ್ಟಳು. ಆ ಕೋಣೆಗೊಂದು ವಾಸನೆಯಿತ್ತು. ಎದುರಿನ ರೈಸ್ ಮಿಲ್ಲಿನಿಂದ ಬರುವ ಬೆಂದ ಭತ್ತದ ಹಬೆ, ಕಿಟಕಿಗೆ ಬಡಿದ ಗೋಣಿಚೀಲ, ವಿಸಿಆರಿನ ಮುಚ್ಚಳ ತೆಗೆದು ಅರಳೆಯಿಂದ ಒರೆಸುವ ಸ್ಪಿರಿಟ್ಟು, ಆಕೆಯ ಕೂದಲಿನ ಕೊಬ್ಬರಿ ಎಣ್ಣೆ. ಕೆನಾಲಿನ ನೀರಿಗೆಂದು ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗು ಮಂದಿ ಮನೆಮಂದಿಯ ಕತೆಗಳನ್ನು ಒಯ್ಯುತ್ತಿದ್ದರು, ನಮ್ಮ ಓಣಿಯವರು ದೇವರ ಪಿಚ್ಚರುಗಳನ್ನು, ಮಿಲ್ಲಿನ ಹಮಾಲರು ಹೊಡೆದಾಟದವನ್ನು. ಹಬ್ಬ ಬಂತೆಂದರೆ ಟಿವಿ ಸಮೇತ ಒಯ್ಯಲು ಸೈಕಲ್ಲುಗಳು ಸಾಲುಗಟ್ಟುತ್ತಿದ್ದವು. ಗಂಡಸರೊಂದಿಗೆ ನಿಂತು ವ್ಯವಹಾರ ಮಾಡುವ ಹೆಣ್ಣು ಆ ರಸ್ತೆಯಲ್ಲಿ ಅವಳೊಬ್ಬಳೇ. ಅದು ಎಷ್ಟು ಜನರ ಕಣ್ಣಿಗೆ ಚುಚ್ಚುತ್ತಿತ್ತೆಂಬುದು ನನಗಾಗ ತಿಳಿದಿರಲಿಲ್ಲ.

ಕಪಾಟಿನ ಕೆಳಗಿನ ಸಾಲಿನಲ್ಲಿ ಯಾರೂ ಕೇಳದ ಇಪ್ಪತ್ತೋ ಇಪ್ಪತ್ತೈದೋ ಕ್ಯಾಸೆಟ್ಟುಗಳಿದ್ದವು. ಹೊಸಪೇಟೆಯಲ್ಲಿ ಸಗಟಾಗಿ ಮಾರುವವನು ತನ್ನಲ್ಲಿ ಧೂಳು ತಿನ್ನುತ್ತಿದ್ದ ದೆವ್ವದ ಪಿಚ್ಚರು, ಕೊಲೆ ಪಿಚ್ಚರುಗಳನ್ನು ಪುಕ್ಕಟೆಯಾಗಿ ಗಂಟಿಗೆ ಸೇರಿಸಿ ಕೊಡುತ್ತಿದ್ದ. ಹೆಚ್ಚಿನವು ಕಪ್ಪು ಬಿಳುಪು. ಹಿಂದಿ ಕೆಲವು, ತೆಲುಗು ತಮಿಳು ಕೆಲವು, ಯಾವ ಭಾಷೆಯೆಂದು ಕೊನೆಗೂ ಗೊತ್ತಾಗದ ಹೊರದೇಶದವು ಕೆಲವು. ಹೆಸರಿನ ಚೀಟಿ ಕಿತ್ತುಹೋಗಿದ್ದರಿಂದ ನೀಲತ್ತಿ ದವಾಖಾನೆಯ ಬಿಳಿ ಪಟ್ಟಿ ಅಂಟಿಸಿ ತನ್ನದೇ ಹೆಸರು ಬರೆದಿದ್ದಳು: ಖುರ್ಚಿ ಪಿಚ್ಚರ್, ಸಿಂಪಿಗ್ಯಾನ ಪಿಚ್ಚರ್, ಟಾವೆಲ್ ಸಿಗಲಾರದವ. "ಇವು ನಮ್ಮನಿ ಮದುವಿ ಆಗದ ಹುಡುಗ್ಯಾರು," ಎನ್ನುತ್ತಿದ್ದಳು. "ಬಂದಾವರೆಲ್ಲಾ ನೋಡಿ ಮುಖಾ ತಿರುವಿ ಹೋಗ್ತಾರ. ಹೋಗವಲ್ರಾಕ. ನಮಗ ನಾವ ಅದೀವಿ."

ಮಧ್ಯಾಹ್ನ ಊಟವಾಗಿ ಓಣಿ ಮಲಗಿದ ಮೇಲೆ, ಗಿರಾಕಿಗಳಿಲ್ಲದ ಎರಡು ಗಂಟೆ, ಆಕೆ ಅವುಗಳಲ್ಲಿ ಒಂದನ್ನು ಹಾಕುತ್ತಿದ್ದಳು. ನಾನು ಶಾಲೆಯಿಲ್ಲದ ದಿನಗಳಲ್ಲಿ ಬೆಕ್ಕಿನಂತೆ ಹೋಗಿ ಅಲ್ಲಿ ಸೇರಿಕೊಳ್ಳುತ್ತಿದ್ದೆ. ಮೊದಮೊದಲು ಆಕೆ ಬೇಡವೆನ್ನುತ್ತಿದ್ದಳು: "ಹೋಗವಾ, ಇದು ಸಣ್ಣಾವರು ನೋಡೂದಲ್ಲ. ನಿಮ್ಮಪ್ಪಗ ಗೊತ್ತಾದ್ರ ನನ್ನ ಚರ್ಮಾ ಸುಲೀತಾನ." ನಾನು ಸೆರಗು ಹಿಡಿದು ಕಾಡುತ್ತಿದ್ದೆ. ತಮ್ಮ ನುಗ್ಗಿಬಂದು ಬೆಳಕು ಬಿಡಬಾರದೆಂದು ಬಾಗಿಲಿಗೆ ಚಿಲಕ ಹಾಕುತ್ತಿದ್ದವಳು ನಾನೇ. ಚಿಲಕ ಎತ್ತರದಲ್ಲಿತ್ತು, ಕ್ಯಾಸೆಟ್ಟಿನ ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ನಿಂತು ತುದಿಬೆರಳಿನಿಂದ ತಳ್ಳಬೇಕಾಗಿತ್ತು. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ. ಬಾಗಿಲಿನ ಬಣ್ಣ ಮರೆತಿದ್ದೇನೆ, ಆ ಕಬ್ಬಿಣದ ತಂಪು ಬೆರಳ ತುದಿಯಲ್ಲಿ ಇನ್ನೂ ಇದೆ.

ಬೇರೆಯವರು ಪಿಚ್ಚರು ನೋಡುವುದಕ್ಕೂ ನೀಲತ್ತಿ ನೋಡುವುದಕ್ಕೂ ಬಹಳ ವ್ಯತ್ಯಾಸವಿತ್ತು. ಖುರ್ಚಿ ಪಿಚ್ಚರಿನಲ್ಲಿ ಒಂದು ದೊಡ್ಡ ಮನೆ. ತೀರಿಹೋದ ಹಿರಿಯ ಮಗನಿಗೆಂದು ಊಟದ ಮೇಜಿನ ಹತ್ತಿರ ಗೋಡೆಗೆ ತಾಗಿಸಿ ಒಂದು ಖುರ್ಚಿ ಖಾಲಿ ಇಟ್ಟಿರುತ್ತಾರೆ. ಅವರು ಉಣ್ಣುತ್ತಾರೆ, ಮಾತಾಡುತ್ತಾರೆ, ಆಸ್ತಿಯ ವಿಷಯಕ್ಕೆ ಜಗಳವಾಡುತ್ತಾರೆ, ಅಷ್ಟೇ. ನನಗೆ ಬೇಸರ ಬಂದು ದೆವ್ವ ಯಾವಾಗ ಬರುತ್ತದೆಂದು ಕೇಳಿದೆ. ಆಕೆ, "ಬಂದೈತಿ. ಮಂದೀನ ನೋಡಬ್ಯಾಡ, ಫರಸಿ ಎಣಸು," ಎಂದಳು. ಆಕೆ ಮೊದಲಿನಿಂದ ಹಾಕಿದಳು, ನಾನು ಖುರ್ಚಿಗೂ ಗೋಡೆಗೂ ನಡುವಿನ ನೆಲದ ಕಲ್ಲುಗಳನ್ನು ಎಣಿಸಿದೆ. ಮೊದಲನೆಯ ಊಟದಲ್ಲಿ ಒಂದು, ಎರಡನೆಯ ಊಟದಲ್ಲಿ ಎರಡು, ಆಮೇಲಿನದರಲ್ಲಿ ಮೂರು. ಯಾರೂ ಅದನ್ನು ಮುಟ್ಟಿರಲಿಲ್ಲ, ಯಾರೂ ಅದರ ಮಾತೆತ್ತುತ್ತಿರಲಿಲ್ಲ. ನಾನು ನೆಲದ ಮೇಲಿದ್ದ ಕಾಲುಗಳನ್ನು ಮೇಲೆಳೆದುಕೊಂಡೆ. ನೀಲತ್ತಿ ನನ್ನ ಮುಖ ನೋಡಿ ಹಿಗ್ಗಿದಳು. ಸಿಂಪಿಗನ ಪಿಚ್ಚರಿನಲ್ಲಿ ಒಬ್ಬ ಬಡಕಲು ದರ್ಜಿ. ತನಗೆ ದ್ರೋಹ ಮಾಡಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಅಂಗಡಿಗೆ ಕರೆದು ಅಂಗಿಯ ಅಳತೆ ತೆಗೆದುಕೊಳ್ಳುತ್ತಾನೆ. ಟೇಪು ಕುತ್ತಿಗೆಯ ಸುತ್ತ ಬರುತ್ತದೆ, ಅವನು ಅಂಕಿಯನ್ನು ಹುಷಾರಾಗಿ ಓದುತ್ತಾನೆ, ಮುಂದಿನ ದೃಶ್ಯದಲ್ಲಿ ಹೆಣ. "ಕೊಲಿ ತೋರಸಲೇ ಇಲ್ಲ ನೋಡು," ಎಂದಳು ನೀಲತ್ತಿ, ದನಿ ತಗ್ಗಿಸಿ, ಗುಡಿಯಲ್ಲಿ ಮಾತಾಡಿದ ಹಾಗೆ. "ಅಳತಿ ತಗೊಂಡಾಗ ಮುಗೀತು. ಉಳದದ್ದು ನಾವ ಮಾಡಿಕೋತೀವಿ, ಇಲ್ಲೆ, ನಮ್ಮ ತಲ್ಯಾಗ."

ರಕ್ತ ಹರಿಯುವವೂ ಇದ್ದವು. ಅವುಗಳಲ್ಲಿ ರಕ್ತ ಕುಂಕುಮದ ನೀರಿನಂತಿದ್ದರೆ ಆಕೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಆದರೆ ಆ ಅಗ್ಗದ ಪಿಚ್ಚರುಗಳಲ್ಲೂ ಎಲ್ಲೋ ಒಂದು ಕಡೆ ತೆಗೆದವನು ಎಚ್ಚರಗೊಂಡಿರುತ್ತಾನೆ ಎಂದು ಆಕೆ ನಂಬಿದ್ದಳು, ಆ ಒಂದು ಜಾಗಕ್ಕಾಗಿ ಕಾಯುತ್ತಿದ್ದಳು. ಒಂದು ತೆಲುಗು ದರೋಡೆ ಪಿಚ್ಚರಿನಲ್ಲಿ ಮೂವರನ್ನು ಕಡಿದ ಮನುಷ್ಯ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಒರೆಸಿಕೊಳ್ಳಲು ಟವೆಲ್ ಹುಡುಕುತ್ತಾನೆ. ಸಿಗುವುದಿಲ್ಲ. ಹಸಿಗೈ ಹಿಡಿದುಕೊಂಡು ಆ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಅಲೆಯುತ್ತಾನೆ, ಬೀಗರ ಮನೆಗೆ ಬಂದವನಂತೆ ಸಂಕೋಚಪಡುತ್ತ. "ಇದನ್ನ ತೆಗದಾಂವ ಮನಷ್ಯಾರ್ನ ನೋಡ್ಯಾನ," ಎಂದಳು. ಅಲ್ಲಿ ತಡೆದಳು, ಹಿಂದಕ್ಕೆ ತಿರುಗಿಸಿದಳು, ಮತ್ತೆ ಹಾಕಿದಳು. ಆಕೆಯ ವಿಸಿಆರಿನ ಒಂದೇ ಒಂದು ಗುಂಡಿ ಅಕ್ಷರ ಅಳಿಸಿ ಬೆಳ್ಳಗಾಗಿತ್ತು, ಹಿಂದಕ್ಕೆ ತಿರುಗಿಸುವ ಗುಂಡಿ.

ಎಲ್ಲರಿಗೂ ಇಷ್ಟವಾಗುವ ಪಿಚ್ಚರುಗಳನ್ನು ಬಿಟ್ಟು ಇವನ್ನೇ ಯಾಕೆ ನೋಡುತ್ತೀಯೆಂದು ಒಮ್ಮೆ ಕೇಳಿದ್ದೆ. ಆಕೆ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಮನಿಮಂದಿ ಪಿಚ್ಚರ್‌ನಾಗ ಎಲ್ಲಾರೂ ಕಡೀಕ ಕಾಲಿಗೆ ಬಿದ್ದು ಅತ್ತು ಛಲೋ ಆಗಿಬಿಡ್ತಾರ. ನಾ ಅಂಥಾ ಮನಿ ನೋಡಿಲ್ಲವಾ. ಇವುದರಾಗ ಒಬ್ಬಾಕಿ ಇರ್ತಾಳ, ನನಗ ಅಂಜಿಕಿ ಬರ್ತೈತಿ, ಈ ಮನ್ಯಾಗ ಏನೋ ಐತಿ ಅಂತಾಳ. ಯಾರೂ ನಂಬಂಗಿಲ್ಲ. ಹುಚ್ಚಿ ಅಂತಾರ. ಕಡೀಕ ಆಕಿ ಹೇಳಿದ್ದ ಖರೇ ಆಗ್ತೈತಿ." ಒಂದು ಕಲ್ಲನ್ನು ಆರಿಸಿ ಹೊರಗೆಸೆದು, "ನನಗ ಅಷ್ಟ ಸಾಕು," ಎಂದಳು. ಈ ಮಾತನ್ನು ಆಕೆ ಹೀಗೆಯೇ ಹೇಳಿದಳೋ, ವರ್ಷಗಳು ಕಳೆದಂತೆ ನಾನು ತಿದ್ದಿ ಚಂದ ಮಾಡಿಕೊಂಡಿದ್ದೇನೋ ಹೇಳಲಾರೆ. ಕಲ್ಲು ಆರಿಸುತ್ತಿದ್ದದ್ದು ಮಾತ್ರ ನಿಜ.

ನಮ್ಮೂರಿನಲ್ಲಿ ಮಕ್ಕಳಿಗೆ ಕೆನಾಲು ಕಟ್ಟುನಿಟ್ಟಾಗಿ ನಿಷಿದ್ಧ. ನೀರು ಬಿಟ್ಟ ದಿನಗಳಲ್ಲಿ ಅದು ಸದ್ದಿಲ್ಲದೆ ಓಡುತ್ತದೆ, ದಂಡೆಯ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಕಾಲಿಟ್ಟರೆ ಕಾಲು ಮುರಿಯುತ್ತೇನೆಂದು ಅಪ್ಪ ಹೇಳಿದ್ದ, ಅವನು ಹೇಳಿದರೆ ಮಾಡುವವನೇ. ಒಂದು ಮಧ್ಯಾಹ್ನ ನೀಲತ್ತಿ ಗಿರಾಕಿಗಳ ಜೊತೆಗಿದ್ದಾಗ ನಾನು ಓಣಿಯ ಹುಡುಗಿಯೊಬ್ಬಳ ಜೊತೆ ಅಲ್ಲಿಗೆ ಹೋದೆ. ಜಾರಿದೆ. ಎದೆಯವರೆಗೆ ನೀರಲ್ಲಿದ್ದೆ, ಕಾಲಿಗೆ ನೆಲ ಸಿಗುತ್ತಿರಲಿಲ್ಲ, ಕೈಗೆ ಸಿಕ್ಕ ಜಾಲಿಯ ಬೇರೊಂದನ್ನು ಹಿಡಿದು ಹೇಗೋ ಮೇಲೆ ಬಂದೆ. ಮನೆಗೆ ಬಂದಾಗ ನನ್ನನ್ನು ಮೊದಲು ಕಂಡದ್ದು ನೀಲತ್ತಿ. ಒಳಗೆಳೆದುಕೊಂಡು ತಲೆ ಒರೆಸಿದಳು, ಲಂಗ ಹಿಂಡಿ ಟಿವಿಯ ಹಿಂದೆ, ಅದು ಬಿಸಿಯಾಗುವ ಕಡೆ, ಒಣಹಾಕಿದಳು. "ನಾ ಹೇಳಂಗಿಲ್ಲ," ಎಂದಳು. "ಆದ್ರ ಇನ್ನೊಮ್ಮೆ ಹೋದಿ ಅಂದ್ರ ನಾನ ನಿನ್ನ ಕೊಲ್ತೀನಿ. ನನಗೇನು ಕೊಲಿ ಮಾಡೂದು ಗೊತ್ತಿಲ್ಲೇನು? ಎಷ್ಟು ಪಿಚ್ಚರ್ ನೋಡೀನಿ!" ನಾವಿಬ್ಬರೂ ನಕ್ಕೆವು. ಸಂಜೆಗೆ ನನಗೆ ಜ್ವರ ಏರಿತು.

ಮರುದಿನ ಮುಂಜಾನೆ ಆಯಿ ನನ್ನ ಹಣೆ ಮುಟ್ಟಿ ನೋಡಿ ಇದು ಅಂಜಿಕೆಯ ಜ್ವರ ಎಂದು ತೀರ್ಮಾನಿಸಿದಳು. ನಮ್ಮ ಮನೆಯಲ್ಲಿ ಅಂಜಿಕೆ ತೆಗೆಯುವುದಕ್ಕೆ ಒಂದು ಪದ್ಧತಿ ಇತ್ತು. ಹೊಸ್ತಿಲ ಒಳಗೆ ಮಣೆಯ ಮೇಲೆ ಕೂರಿಸಿ ಉಪ್ಪು, ಕೆಂಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿದೆಗೆಯುತ್ತಾರೆ. ಒಂದೊಂದು ಸಲವೂ "ಏನ ನೋಡಿ ಅಂಜಿದಿ?" ಎಂದು ಕೇಳುತ್ತಾರೆ. ಅಂಜಿದವರು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಂಜಿಕೆ ಒಳಗೇ ಉಳಿದು ಜೀವ ತಿನ್ನುತ್ತದೆ. ಓಣಿಯ ನಾಲ್ಕಾರು ಹೆಂಗಸರು ಬಂದಿದ್ದರು. ಅವ್ವ ನನ್ನ ಬೆನ್ನು ಹಿಡಿದು ಕೂತಿದ್ದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ನೀಲತ್ತಿ ನೀರಿನ ತಂಬಿಗೆ ಹಿಡಿದು ಅಡಿಗೆ ಮನೆಯಿಂದ ಬರುತ್ತಿದ್ದಳು.

"ಏನ ನೋಡಿ ಅಂಜಿದಿ?"

ಕೆನಾಲು ಎನ್ನಬೇಕಾಗಿತ್ತು. ಅಪ್ಪನ ಪಾದಗಳು ಕಣ್ಣೆದುರಿಗಿದ್ದವು. "ಪಿಚ್ಚರ್," ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಸಲ ಕೇಳಿದಾಗ, "ನೀಲತ್ತಿ ತೋರ್ಸಿದ್ಲು, ಖುರ್ಚಿ ಪಿಚ್ಚರ್," ಎಂದೆ. ಆಮೇಲೆ ನಡೆದದ್ದರ ಬಗ್ಗೆ ನನ್ನ ನೆನಪಿನಲ್ಲಿ ಎರಡು ಪಾಠಗಳಿವೆ. ಒಂದರಲ್ಲಿ ಯಾರೋ "ಮತ್ತ ಎದ್ದು ಹೊರಗ ಬರಬೇಕಿಲ್ಲ ಹುಡುಗಿ?" ಎನ್ನುತ್ತಾರೆ, ನಾನು "ಚಿಲಕಾ ಹಾಕಿದ್ಲು" ಎನ್ನುತ್ತೇನೆ. ಇನ್ನೊಂದರಲ್ಲಿ ಬಾಗಿಲಿನ ಕಡೆಯಿಂದ ಅಪ್ಪನ ದನಿ, "ಚಿಲಕಾ ಹಾಕಿದ್ಲೇನು?" ಎಂದು ಕೇಳುತ್ತದೆ, ನಾನು ಹೂಂ ಎನ್ನುತ್ತೇನೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇವೆರಡನ್ನೂ ಮಗ್ಗುಲು ಮಗ್ಗುಲಿಗೆ ಇಟ್ಟುಕೊಂಡು ನೋಡಿದ್ದೇನೆ, ಯಾವುದು ಮೊದಲಿನದೆಂದು ತಿಳಿಯುವುದಿಲ್ಲ. ಮೂರನೆಯ ಸಲದ್ದು ಮಾತ್ರ ಸ್ಪಷ್ಟವಾಗಿದೆ. ಆಯಿ ಕೇಳಿದಾಗ ಪೂರ್ತಿ ವಾಕ್ಯವನ್ನು ನಾನೇ ಹೇಳಿದೆ, ಪಾಠ ಒಪ್ಪಿಸಿದ ಹಾಗೆ: "ನೀಲತ್ತಿ ಚಿಲಕಾ ಹಾಕಿ ಕೂಡಿಸಿ ಪಿಚ್ಚರ್ ತೋರ್ಸಿದ್ಲು." ಒಲೆಗೆ ಹಾಕಿದ ಉಪ್ಪು ಚಟಪಟ ಸಿಡಿಯಿತು. ಆಯಿ ಅಂಜಿಕೆ ಇಳಿಯಿತೆಂದಳು.

ನೀಲತ್ತಿ ತಂಬಿಗೆ ಕೆಳಗಿಟ್ಟು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನಾ ಹಾಕಿದ್ನೇನವಾ?" ಎಂದು ಕೇಳಿದಳು. ಸಿಟ್ಟಿರಲಿಲ್ಲ. ಖುರ್ಚಿ ಎಲ್ಲಿದೆ ನೋಡೆಂದು ತೋರಿಸುವಾಗಿನ ದನಿಯೇ. ನಾನು ಅವ್ವನ ಮಡಿಲಲ್ಲಿ ಮುಖ ಇಟ್ಟೆ. ನನ್ನ ಲಂಗ ಆಗಲೂ ಟಿವಿಯ ಹಿಂದೆ ಇತ್ತು, ಅಂಚಿಗೆ ಕೆನಾಲಿನ ಪಾಚಿ ಹತ್ತಿತ್ತು. ಆಕೆ ಎದ್ದು ಹೋಗಿ ತಂದು ಎಲ್ಲರ ಮುಂದೆ ಹಿಡಿದಿದ್ದರೆ ಮುಗಿಯುತ್ತಿತ್ತು. ಆಕೆ ಹೋಗಲಿಲ್ಲ. ಹೇಳುವುದಿಲ್ಲ ಎಂದಿದ್ದಳು, ಹೇಳಲಿಲ್ಲ.

ಚಿಲಕ ಎಂಬ ಮಾತು ಆ ಹೆಂಗಸರ ಬಾಯಲ್ಲಿ ಮಧ್ಯಾಹ್ನದೊಳಗೆ ಬೇರೆಯೇ ಆಯಿತು. ಗಂಡನನ್ನು ಬಿಟ್ಟು ಬಂದವಳು ಚಿಲಕ ಹಾಕಿಕೊಂಡು ಸಣ್ಣ ಹುಡುಗಿಗೆ ಎಂಥ ಪಿಚ್ಚರು ತೋರಿಸುತ್ತಾಳೋ, ಇನ್ನು ಯಾರು ಯಾರಿಗೆ ತೋರಿಸಿದ್ದಾಳೋ ಎಂದು. ಇದರ ಅರ್ಥ ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಹದಿನೈದು ದಿನಗಳಲ್ಲಿ ಹಿರಿಯರು ಸೇರಿದರು. ಯಲಬುರ್ಗಾದ ಕಡೆಯವರನ್ನು ಕರೆಸಿದರು. ಅಪ್ಪ ತಾನೇ ಟೆಂಪೊದಲ್ಲಿ ಕೂತು ನೀಲತ್ತಿಯನ್ನು ಗಂಡನ ಮನೆಗೆ ಬಿಟ್ಟುಬಂದ. ಹೊರಡುವಾಗ ಆಕೆ, "ಅಣ್ಣಾ, ಅಲ್ಲಿ ನನಗ ಅಂಜಿಕಿ ಬರ್ತೈತೋ," ಎಂದಳು. "ದೆವ್ವದ ಪಿಚ್ಚರ್ ನೋಡಿದ್ರ ಅಂಜಿಕಿ ಬರಂಗಿಲ್ಲ, ಗಂಡನ ಮನ್ಯಾಗ ಬರ್ತೈತೇನು?" ಎಂದ ಅಪ್ಪ. ನೆರೆದವರು ನಕ್ಕರು. ಈ ಸಲ ನೀಲತ್ತಿ ನಗಲಿಲ್ಲ. ಮುಂಗೋಣೆಯನ್ನು ಗೊಬ್ಬರದ ವ್ಯಾಪಾರಿಯೊಬ್ಬನಿಗೆ ಬಾಡಿಗೆಗೆ ಕೊಟ್ಟರು. ಆ ಮನುಷ್ಯ ನನ್ನ ಜ್ವರಕ್ಕೂ ಮೊದಲೇ ಬಂದು ಕೋಣೆಯ ಉದ್ದಗಲ ನೋಡಿಕೊಂಡು ಹೋಗಿದ್ದನೆಂದು ನನ್ನ ನೆನಪು. ಇಲ್ಲ, ಅವನು ಬಂದದ್ದು ಆಮೇಲೆ ಎನ್ನುತ್ತಾನೆ ತಮ್ಮ. ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಯಾಕೆಂದರೆ ಅಪ್ಪ ಆ ಕೋಣೆಯನ್ನು ಖಾಲಿ ಮಾಡಿಸಲು ಮೊದಲೇ ನಿರ್ಧರಿಸಿದ್ದನೆಂಬ ಆ ನೆನಪು ನನಗೆ ಬಹಳ ಅನುಕೂಲವಾಗಿದೆ.

ಟಿವಿ, ವಿಸಿಆರ್, ದೇವರ ಪಿಚ್ಚರುಗಳು ಮಾರಾಟವಾದವು. ಕೆಳಗಿನ ಸಾಲಿನವನ್ನು ಕೊಳ್ಳುವವರಿರಲಿಲ್ಲ. ಗುಬ್ಬಿ ಬೀಳುವ ಕಾಲ ಬಂದಿತ್ತು. ಅಪ್ಪ ಅವನ್ನೆಲ್ಲ ಚೀಲದಲ್ಲಿ ತುಂಬಿ ಗದ್ದೆಗೆ ಒಯ್ದು, ಒಡೆದು, ರೀಲು ಎಳೆದು ಗೂಟಗಳಿಗೆ ಬಿಗಿದ. ನಾಲ್ಕೆಕರೆಯ ಮೇಲೆ ಆ ಕಂದು ಪಟ್ಟಿಗಳು ಹಗಲೆಲ್ಲ ಮಿಂಚಿದವು, ನರಳಿದವು. ದಾರಿಯಲ್ಲಿ ಹೋಗುತ್ತಿದ್ದ ಮಿಲ್ಲಿನ ಹಮಾಲನೊಬ್ಬ, "ಗೌಡ್ರ, ನಿಮ್ಮ ಹೊಲದಾಗ ದೆವ್ವ ಹಾಡಾಕ ಹತ್ಯಾವಲ್ರೀ!" ಎಂದು ಕೂಗಿದ. "ಯಾವುದಕ್ಕರ ಬಂದುವಲ್ಲ," ಎಂದ ಅಪ್ಪ. ನಾನು ಒಬ್ಬಳೇ ಬದುವಿನ ಮೇಲೆ ಹೋಗಿ ಒಂದು ರೀಲನ್ನು ಬಿಸಿಲಿಗೆ ಹಿಡಿದು ನೋಡಿದೆ. ಖುರ್ಚಿಯೋ ಸಿಂಪಿಗನೋ ಸಣ್ಣದಾಗಿ ಕಂಡಾರೆಂದುಕೊಂಡಿದ್ದೆ. ಏನೂ ಇರಲಿಲ್ಲ. ಎರಡೂ ಕಡೆ ಬರೀ ಕಂದು ಬಣ್ಣ, ಅದರ ಹೊಳಪಿನಲ್ಲಿ ನನ್ನದೇ ಮುಖದ ಒಂದು ಎಳೆ. ಇಷ್ಟೆಲ್ಲ ಜನ, ಇಷ್ಟೆಲ್ಲ ಮನೆಗಳು ಇದರೊಳಗೆ ಎಲ್ಲಿ ಕೂತಿದ್ದರೆಂದು ಕೇಳಲು ನೀಲತ್ತಿ ಇರಲಿಲ್ಲ.

ಆಮೇಲೆ ಆಕೆಯನ್ನು ಸರಿಯಾಗಿ ಕಂಡದ್ದು ಒಂದೇ ಸಲ, ಕುಷ್ಟಗಿಯಲ್ಲಿ, ನೆಂಟರ ಮದುವೆಯಲ್ಲಿ. ನಾನು ಎಂ.ಎ. ಓದುತ್ತಿದ್ದೆ. ಆಕೆ ಬಹಳ ಸೊರಗಿದ್ದಳು, ಮಾತಿಗೆ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುವ ಅಭ್ಯಾಸವಾಗಿತ್ತು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತನ್ನ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದಳು. ಆಮೇಲೆ ಮೆಲ್ಲನೆ, "ಆ ಖುರ್ಚಿ ಪಿಚ್ಚರ್ ಕಡೀಕ ಏನಾತು, ನಿನಗ ನೆನಪೈತೇನವಾ? ನನಗ ಪೂರಾ ಮರತುಹೋಗೈತಿ. ಎಷ್ಟು ನೆನಸಿದ್ರೂ ಬರವಲ್ದು," ಎಂದಳು. ನನಗೂ ನೆನಪಿರಲಿಲ್ಲ. ಆದರೆ ಇಲ್ಲವೆನ್ನಲಾಗಲಿಲ್ಲ. ಆಕೆಗೆ ಅಷ್ಟಾದರೂ ಕೊಡೋಣವೆನ್ನಿಸಿ ಅಲ್ಲೇ ಒಂದು ಕೊನೆ ಕಟ್ಟಿ ಹೇಳಿದೆ: ಖುರ್ಚಿ ಮೇಜಿನವರೆಗೆ ಬರುತ್ತದೆ, ಅಂದು ಯಾರೂ ಊಟಕ್ಕೆ ಬಂದಿರುವುದಿಲ್ಲ ಎಂದು. ಆಕೆ ಗಮನವಿಟ್ಟು ಕೇಳಿದಳು. ನಂತರ ಅನ್ನ ಕಲಸುತ್ತ, "ಹಂಗಿರಲಿಲ್ಲ ಅನಸ್ತೈತಿ," ಎಂದಳು. "ಇರಲಿ ಬಿಡು, ನೀ ಹೇಳಿದ್ದೂ ಛಲೋ ಐತಿ." ಕ್ಷಮಿಸು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗಲಾರದಿತ್ತು. ನಾನು ಹೋಳಿಗೆ ತಿಂದೆ.

ಯೂನಿವರ್ಸಿಟಿಯಲ್ಲಿ ಸಿನಿಮಾದ ಬಗ್ಗೆ ಮಾತಾಡುವ ಗೆಳೆಯರ ಗುಂಪೊಂದಿತ್ತು. ಅಲ್ಲಿ ನಾನು, ಯಾರೂ ಲೆಕ್ಕಕ್ಕಿಡದ ಹಳೆಯ ದೆವ್ವದ ಚಿತ್ರಗಳು, ಕೊಲೆಯ ಚಿತ್ರಗಳ ಬಗ್ಗೆ ಮಾತಾಡತೊಡಗಿದೆ. ಅಗ್ಗದ ದುಡ್ಡಿನಲ್ಲಿ ತೆಗೆದವರು ಭಯವನ್ನು ಹೇಗೆ ನೆಲದ ಕಲ್ಲುಗಳಲ್ಲಿ, ಒದ್ದೆ ಕೈಗಳಲ್ಲಿ ಇಡುತ್ತಾರೆಂದು ವಿವರಿಸಿದೆ. ಆಮೇಲೆ ಪತ್ರಿಕೆಗಳಿಗೂ ಬರೆದೆ. ನಿಮ್ಮ ಕಣ್ಣು ಬಹಳ ಸೂಕ್ಷ್ಮ ಎಂದು ಜನ ಹೇಳಿದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ, ಸಣ್ಣವಳಿದ್ದಾಗ ಮನೆಯಲ್ಲಿ ವಿಸಿಆರ್ ಇತ್ತು ಎಂದೆ. ವಿಸಿಆರ್ ಎಂದೆ, ನೀಲತ್ತಿ ಎನ್ನಲಿಲ್ಲ. ಸಿಂಪಿಗನ ಚಿತ್ರದ ಬಗ್ಗೆ ನನ್ನದೊಂದು ದೊಡ್ಡ ಬರಹವೇ ಇದೆ. ಅದರಲ್ಲಿ ನಾನು ಅತಿ ಹೆಚ್ಚು ಮೆಚ್ಚಿಕೊಂಡದ್ದು ದರ್ಜಿ ಒಬ್ಬನೇ ಮನುಷ್ಯನ ಕುತ್ತಿಗೆಯ ಅಳತೆಯನ್ನು ಎರಡು ಸಲ ತೆಗೆದುಕೊಳ್ಳುವುದನ್ನು. ಮೊದಲನೆಯದು ಅಂಗಿಗೆ, ಎರಡನೆಯದು ಸಾವಿಗೆ, ನಿರ್ದೇಶಕನ ಪ್ರತಿಭೆ ಇರುವುದೇ ಈ ಪುನರುಕ್ತಿಯಲ್ಲಿ ಎಂದೆಲ್ಲ ಬರೆದಿದ್ದೆ. ಎರಡು ವರ್ಷದ ಹಿಂದೆ ಆ ಚಿತ್ರ ಮೊಬೈಲಿನಲ್ಲಿ ಸಿಕ್ಕಿತು, ಯಾರೋ ಪುಣ್ಯಾತ್ಮರು ಹಾಕಿದ್ದರು. ಮೊದಲಿನಿಂದ ಕೊನೆಯವರೆಗೆ ನೋಡಿದೆ. ದರ್ಜಿ ಅಳತೆ ತೆಗೆದುಕೊಳ್ಳುವುದು ಒಂದೇ ಸಲ. ತಪ್ಪಿತೇನೋ ಎಂದು ಇನ್ನೊಮ್ಮೆ ನೋಡಿದೆ. ಒಂದೇ ಸಲ. ಎರಡನೆಯದು ನೀಲತ್ತಿಯದು. ನಾನು ನೋಡಲೆಂದು ಆಕೆ ಹಿಂದಕ್ಕೆ ತಿರುಗಿಸಿ ಹಾಕಿದ್ದು. ನಾನು ಅಷ್ಟು ಹೊಗಳಿದ್ದ ಕೈ ಆಕೆಯದಾಗಿತ್ತು, ಅದನ್ನು ಯಾರೋ ಗುರುತಿಲ್ಲದ ನಿರ್ದೇಶಕನ ಹೆಸರಿಗೆ ಬರೆದುಕೊಟ್ಟಿದ್ದೆ.

ಅಷ್ಟರಲ್ಲಿ ಆಕೆ ತೀರಿಹೋಗಿ ಒಂದು ವರ್ಷವಾಗಿತ್ತು. ಸುದ್ದಿ ಬಂದ ದಿನ ನಾನು ಕೊಪ್ಪಳದಲ್ಲಿ ಪರೀಕ್ಷೆಯ ಕೆಲಸದ ಮೇಲಿದ್ದೆ. ಹಳ್ಳಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಗಂಡ ಕಟ್ಟೆಯ ಮೇಲೆ ಕೂತು ಬಂದವರನ್ನು ಒಬ್ಬೊಬ್ಬರನ್ನಾಗಿ ಸುಮ್ಮನೆ ನೋಡುತ್ತಿದ್ದ. ನನ್ನನ್ನೂ ನೋಡಿದ. ನಾನು ಅಲ್ಲಿ ಒಂದು ಗಂಟೆಯೂ ನಿಲ್ಲಲಾರದೆ ಎದ್ದುಬಂದೆ. ಆಕೆ ಆ ಮನೆಯಲ್ಲಿ ಇಪ್ಪತ್ತೇಳೋ ಇಪ್ಪತ್ತೆಂಟೋ ವರ್ಷ ಇದ್ದಳು.

ಅಪ್ಪ ಈಗ ತಮ್ಮನ ಜೊತೆ ಗಂಗಾವತಿಯಲ್ಲಿದ್ದಾನೆ. ಮಧ್ಯಾಹ್ನವೆಲ್ಲ ಟಿವಿಯಲ್ಲಿ ಕೊಲೆ ದರೋಡೆಗಳ ಕಾರ್ಯಕ್ರಮ ನೋಡುತ್ತಾನೆ. ಮೊಮ್ಮಕ್ಕಳೂ ಪಕ್ಕದಲ್ಲಿ ಕೂತಿರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಬಸ್ಸು ಪಂಕ್ಚರ್ ಆದ ಆ ದಿನ ನಾನು ಕಾರಟಗಿಯ ಕೆಲಸ ಮುಗಿಸಿ ಗಂಗಾವತಿಗೆ, ಅವರ ಮನೆಗೇ ಹೋದೆ. ಮಕ್ಕಳು ಹೊರಗೆ ಆಡುತ್ತಿದ್ದರು. ಅವನ ಪಕ್ಕ ಕೂತು ಮೊದಲು ಕೆನಾಲಿನ ವಿಷಯ ಹೇಳಿದೆ. ಜಾರಿದ್ದು, ನೀಲತ್ತಿ ಲಂಗ ಒಣಗಿಸಿದ್ದು, ಚಿಲಕ ಹಾಕುತ್ತಿದ್ದವಳು ನಾನೇ ಎಂಬುದು, ಎಲ್ಲ. ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ, ಆದರೆ ದವಡೆ ಅಲುಗುವುದು ನಿಂತಿತು, ಬಾಯಲ್ಲಿ ಅಡಿಕೆಯಿತ್ತು. ಆಮೇಲೆ ನಾನು ಕೇಳಬೇಕೆಂದಿದ್ದುದನ್ನು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಿತ್ತು, ಇದು ಬರೀ ಸತ್ಯದ ಹಂಬಲವಲ್ಲ, ಹೊರೆಯ ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬರು ಬೇಕೆಂಬ ಆಸೆಯೂ ಇದರಲ್ಲಿದೆ ಎಂದು. ಆದರೂ ಕೇಳಿದೆ. ಅಪ್ಪ ರಿಮೋಟ್ ಎತ್ತಿಕೊಂಡು ಟಿವಿಯ ದನಿ ಏರಿಸಿದ. ಆ ನಂತರ ಎಷ್ಟೋ ಭಾನುವಾರಗಳು ಹೋಗಿದ್ದೇನೆ, ಅವನು ಆ ಮಾತೆತ್ತಿಲ್ಲ, ನಾನೂ ಎರಡನೆಯ ಸಲ ಕೇಳಿಲ್ಲ. ನಾನು ಕೇಳಿದ್ದು ಇಷ್ಟು:

"ಅಪ್ಪಾ, ಅವತ್ತು ಚಿಲಕದ ಮಾತು ಮೊದಲು ಬಂದದ್ದು ನನ್ನ ಬಾಯಾಗೋ, ನಿನ್ನ ಬಾಯಾಗೋ?"